ಧನುಷ್ಕೋಡಿಗೆ ಮಕ್ಕಳನ್ನು ಕರೆದುಕೊಂಡು ಹೋಗಬಹುದಾ?

ಕುಂಬಳೆ ಕಡೆಯ ಹೈಸ್ಕೂಲ್ ಟೀಚರ್ ಒಬ್ಬರು ಬರೆದಿದ್ದಾರೆ: "ಕ್ರಿಸ್ಮಸ್ ರಜೆಯಲ್ಲಿ ರಾಮೇಶ್ವರಕ್ಕೆ ಹೋದವರು ಧನುಷ್ಕೋಡಿಯನ್ನೂ ನೋಡಿ ಬಂದೆವು. ಮುರಿದ ಚರ್ಚಿನ ಗೋಡೆ ಹತ್ತಿ ಜನ ಸೆಲ್ಫಿ ತೆಗೆಯುತ್ತಿದ್ದರು. 1964ರ ಚಂಡಮಾರುತದಲ್ಲಿ ಅಷ್ಟು ಜನ ಸತ್ತ ಜಾಗ ಅದು. ನೋಡಿ ಸಂಕಟವಾಯಿತು. ಈಗ ನಮ್ಮ ಶಾಲೆಯ ಪ್ರವಾಸಕ್ಕೆ ಅದೇ ಊರನ್ನು ಸೇರಿಸಿದ್ದಾರೆ. ಪಾಳು ಬಿದ್ದ ರೈಲ್ವೆ ಸ್ಟೇಷನ್ ನೋಡಿ ಮಕ್ಕಳು ಕಲಿಯುವುದೇನು? ಇಂಥ ಊರನ್ನು ಅದರ ಪಾಡಿಗೆ ಬಿಡುವುದೇ ಒಳ್ಳೆಯದಲ್ವಾ?"

ಪ್ರೀತಿಯ ಟೀಚರ್,

ಕರೆದುಕೊಂಡು ಹೋಗಿ. ಖಂಡಿತ ಹೋಗಿ.

ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ 'ಅದರ ಪಾಡಿಗೆ ಬಿಡುವುದು' ಎಂಬ ಮಾತನ್ನು ಒಪ್ಪಲಾರೆ. ಆ ಊರನ್ನು ಅದರ ಪಾಡಿಗೆ ಬಿಟ್ಟು ಅರವತ್ತು ವರ್ಷ ದಾಟಿತು. ಮಕ್ಕಳು ತಿಳಿಯಬೇಕಾದ್ದು ಮುಖ್ಯವಾಗಿ ಅದನ್ನೇ.

ಮೊದಲು ಅದು ಎಂಥ ಊರಾಗಿತ್ತು ಅಂತ ಹೇಳಿ. 1914ರಲ್ಲಿ ರಾಮೇಶ್ವರ ದ್ವೀಪವನ್ನು ನೆಲಕ್ಕೆ ಸೇರಿಸುವ ಪಾಂಬನ್ ರೈಲು ಸೇತುವೆ ಆಯಿತು. ಮದ್ರಾಸಿನಲ್ಲಿ ಬೋಟ್ ಮೇಲ್ ಎಂಬ ರೈಲು ಹತ್ತಿದವರು ಆ ಸೇತುವೆ ದಾಟಿ ದ್ವೀಪದ ತುದಿಯಲ್ಲಿರುವ ಧನುಷ್ಕೋಡಿಯ ಧಕ್ಕೆಗೆ ಬರುತ್ತಿದ್ದರು. ಅಲ್ಲಿ ಸ್ಟೀಮರ್ ಕಾದಿರುತ್ತಿತ್ತು. ಆಚೆ ದಡದ ತಲೈಮನ್ನಾರ್‌ನಲ್ಲಿ ಇಳಿದು ಮತ್ತೆ ರೈಲು ಹತ್ತಿದರೆ ಕೊಲಂಬೊ. ಎಲ್ಲಕ್ಕೂ ಸೇರಿ ಒಂದೇ ಟಿಕೆಟ್. ಇರ್ವಿನ್, ಗೋಶೆನ್ ಎಂಬ ಎರಡು ಸ್ಟೀಮರುಗಳು ಬಹಳ ವರ್ಷ ಓಡಿದವು. ಸಿಲೋನಿನ ಚಹಾ ತೋಟಗಳಿಗೆ ಕೂಲಿಗೆ ಹೋದ ತಮಿಳರು ಈ ದಾರಿಯಲ್ಲೇ ಹೋದರು. ಹೋಗುವ ಮೊದಲು ಮಂಡಪಂ ಕ್ಯಾಂಪಿನಲ್ಲಿ ಅವರನ್ನು ತಡೆದು ನಿಲ್ಲಿಸಿ ರೋಗ ರುಜಿನ ಇದೆಯಾ ಅಂತ ನೋಡುತ್ತಿದ್ದರು. ಧನುಷ್ಕೋಡಿಯಲ್ಲಿ ಕಸ್ಟಮ್ಸ್ ಕಚೇರಿ, ಪೋಸ್ಟಾಫೀಸು, ಆಸ್ಪತ್ರೆ, ಶಾಲೆ, ಚರ್ಚು ಎಲ್ಲ ಇದ್ದವು. ಊರಿನ ಅನ್ನ ನಡೆಯುತ್ತಿದ್ದದ್ದು ರೈಲು ಮತ್ತು ಹಡಗಿನಿಂದ, ಜೊತೆಗೆ ಮೀನಿನಿಂದ.

ನಮ್ಮ ಮಕ್ಕಳಿಗೆ ಹತ್ತಿರ ಎನಿಸುವ ಸಂಗತಿ ಒಂದಿದೆ. ಬೋಟ್ ಮೇಲ್ ಓಡಿಸಿದ ಸೌತ್ ಇಂಡಿಯನ್ ರೈಲ್ವೆ ಕಂಪನಿಯೇ 1908ರಿಂದ ನಮ್ಮ ಮಂಗಳೂರು ಲೈನನ್ನೂ ನಡೆಸುತ್ತಿತ್ತು. ಅಂದರೆ ಕುಂಬಳೆ, ಕಾಸರಗೋಡು ಸ್ಟೇಷನ್ನಿಗೂ ಧನುಷ್ಕೋಡಿಗೂ ಒಂದೇ ಯಜಮಾನ. ನಮ್ಮದು ಬ್ರಾಡ್‌ಗೇಜ್, ಅವರದು ಮೀಟರ್‌ಗೇಜ್, ಅಷ್ಟೇ.

1964ರ ಡಿಸೆಂಬರ್ 22ರ ಚಂಡಮಾರುತದ ರಾತ್ರಿಯ ಕಥೆ ನಿಮಗೆ ಗೊತ್ತೇ ಇದೆ. ಪಾಂಬನ್‌ನಿಂದ ಹೊರಟ ಪ್ಯಾಸೆಂಜರ್ ಗಾಡಿ ಧನುಷ್ಕೋಡಿ ಹತ್ತಿರ ಬಂದಾಗ ಅಲೆ ಅದನ್ನು ಇಡಿಯಾಗಿ ಎಳೆದುಕೊಂಡು ಹೋಯಿತು. ಗಾಡಿಯಲ್ಲಿ ನೂರಕ್ಕೂ ಹೆಚ್ಚು ಜನರಿದ್ದರು. ಒಬ್ಬರೂ ಉಳಿಯಲಿಲ್ಲ. ಊರಿಗೂ ಅದೇ ಗತಿ ಆಯಿತು.

ಹೆಚ್ಚಿನವರು ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ನೀವು ನಿಲ್ಲಿಸಬೇಡಿ. ಅದೇ ಚಂಡಮಾರುತಕ್ಕೆ ಪಾಂಬನ್ ಸೇತುವೆಯ ಗರ್ಡರುಗಳೂ ಬಹುಪಾಲು ಕಡಲು ಪಾಲಾಗಿದ್ದವು. ಕಂಬಗಳು ನಿಂತಿದ್ದವು, ಹಡಗಿಗೆ ದಾರಿ ಬಿಡಲು ಮೇಲೇಳುವ ಭಾಗವೂ ಉಳಿದಿತ್ತು. ಸರಿಮಾಡಲು ಆರು ತಿಂಗಳು ಬೇಕು ಎಂದು ರೈಲ್ವೆ ಲೆಕ್ಕ ಹಾಕಿತ್ತು. ಇ. ಶ್ರೀಧರನ್ ಎಂಬ ಯುವ ಇಂಜಿನಿಯರ್ 46 ದಿನಗಳಲ್ಲಿ ಮುಗಿಸಿದರು. ಮೀನುಗಾರರು ಕೊಟ್ಟ ಸುಳಿವು ಹಿಡಿದು ಕಡಲ ತಳದಿಂದ ಗರ್ಡರುಗಳನ್ನು ಎತ್ತಿಸಿ ಮತ್ತೆ ಕೂರಿಸಿದರು. ಮುಂದೆ ಕೊಂಕಣ ರೈಲ್ವೆ ಕಟ್ಟಿಸಿದವರೂ ಇವರೇ. ಇವತ್ತು ಕಾಸರಗೋಡಿನವರು ಮುಂಬಯಿಗೆ ನೆಟ್ಟಗೆ ಹೋಗುವುದು ಅದೇ ಹಳಿಯ ಮೇಲೆ.

ಸೇತುವೆ ಮರಳಿ ಬಂತು, ರಾಮೇಶ್ವರಕ್ಕೆ ರೈಲೂ ಬಂತು. ಪಾಂಬನ್‌ನಿಂದ ಧನುಷ್ಕೋಡಿಯ ವರೆಗಿನ ಹಳಿಯನ್ನು ಮಾತ್ರ ಮತ್ತೆ ಹಾಕಲಿಲ್ಲ. ಊರು ವಾಸಕ್ಕೆ ಯೋಗ್ಯವಲ್ಲ ಎಂದು ಸರ್ಕಾರ ಘೋಷಿಸಿತು. ಸ್ಟೀಮರ್ ರಾಮೇಶ್ವರದಿಂದಲೇ ಹೊರಡತೊಡಗಿತು. ಲಂಕೆಯ ಗಲಭೆಯಿಂದಾಗಿ 1980ರ ದಶಕದಲ್ಲಿ ಅದೂ ನಿಂತಿತು. ಮರಳು ದಿಬ್ಬದಂಥ ಆ ಸಪೂರ ನೆಲದ ಮೇಲೆ ಮತ್ತೆ ಪೇಟೆ ಕಟ್ಟುವುದು ಬೇಡ ಎಂದದ್ದು ತಪ್ಪಲ್ಲ. ಎರಡೂ ಬದಿಗೆ ಕಡಲು. ಅಲ್ಲಿಯವರು ಮನ್ನಾರ್ ಕೊಲ್ಲಿಯನ್ನು ಗಂಡು ಕಡಲು, ಇತ್ತ ಪಾಕ್ ಕೊಲ್ಲಿಯನ್ನು ಹೆಣ್ಣು ಕಡಲು ಅನ್ನುತ್ತಾರೆ. ನನಗೆ ನೋವಾಗುವುದು ಬೇರೆ ವಿಷಯಕ್ಕೆ. ವಾಸಕ್ಕೆ ಯೋಗ್ಯವಲ್ಲ ಎಂದ ಮೇಲೂ ಮೀನುಗಾರರು ಅಲ್ಲೇ ಉಳಿದರು. ಬಲೆ, ದೋಣಿ, ಕಡಲು ಇರುವಲ್ಲಿ ತಾನೇ ಅವರು ಇರಬೇಕು? ಕಾಗದದಲ್ಲಿ ಇಲ್ಲದ ಊರಿನಲ್ಲಿ ಮರಳು ತೋಡಿ ಸಿಹಿನೀರು ತೆಗೆದು, ಗರಿಯ ಗುಡಿಸಲು ಹಾಕಿ ಬದುಕಿದರು. ಪ್ರವಾಸಿಗಳು ಕ್ಯಾಮೆರಾ ಹಿಡಿದು 'ಭೂತದ ಊರು' ಅನ್ನುವಾಗ ಆ ಮನೆಗಳ ಮಕ್ಕಳು ಪಕ್ಕದಲ್ಲೇ ನಿಂತಿರುತ್ತಾರೆ.

ನಿಮ್ಮ ಕ್ಲಾಸಿನಲ್ಲಿ ಕಡಪ್ಪುರದ, ಅಂದರೆ ಕಡಲ ದಡದ ಮಕ್ಕಳಿದ್ದಾರೆ ಅಲ್ವಾ? ಮಳೆಗಾಲದಲ್ಲಿ ಉಪ್ಪಳದ ಮುಸೋಡಿಯಲ್ಲಿ ಕಡಲ್ಕೊರೆತ ಹೇಗಿರುತ್ತದೆ ಅಂತ ಅವರನ್ನು ಕೇಳಿ. ತೆಂಗಿನ ಮರ ಹೋಗುತ್ತದೆ, ರಸ್ತೆ ಹೋಗುತ್ತದೆ, ಮನೆಯವರು ನೆಂಟರ ಮನೆಗೆ ಹೋಗುತ್ತಾರೆ. ಕಲ್ಲು ಹಾಕುವುದಾ, ಜನರನ್ನು ಎಬ್ಬಿಸುವುದಾ, ಎಬ್ಬಿಸಿದರೆ ದೋಣಿ ಎಲ್ಲಿಡುವುದು? ಈ ಪ್ರಶ್ನೆಗಳು ಆ ಮಕ್ಕಳಿಗೆ ಹೊಸದಲ್ಲ. ಧನುಷ್ಕೋಡಿಯಲ್ಲಿ ಅವರೇ ನಿಮಗೆ ಪಾಠ ಮಾಡಿಯಾರು.

ಸೆಲ್ಫಿಯ ವಿಷಯ. ಫೋಟೋ ತೆಗೆಯಲಿ, ಅದರಿಂದ ಯಾರಿಗೂ ಅವಮಾನವಿಲ್ಲ. ಗೋಡೆ ಹತ್ತುವುದು ಮಾತ್ರ ಕೂಡದು. ನಮ್ಮಲ್ಲಿ ಮುರಕಲ್ಲಿನ ಹಾಗೆ ಅಲ್ಲಿ ಹವಳದ ಕಲ್ಲಿನಿಂದ ಆ ಚರ್ಚು ಕಟ್ಟಿದ್ದಾರೆ. ಗಾರೆ ಉದುರಿದ ಮೇಲೆ ಉಪ್ಪುಗಾಳಿ ಅದನ್ನು ದಿನಾ ತಿನ್ನುತ್ತಿದೆ. ಒಂದು ಚೂರು ಮುರಿದು ಜೇಬಿಗೆ ಹಾಕಿಕೊಳ್ಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಹವಳ ವನ್ಯಜೀವಿ ಕಾನೂನಿನ ರಕ್ಷಣೆಯಲ್ಲಿದೆ ಎಂಬುದನ್ನು ಬಸ್ಸಿನಲ್ಲೇ ಮಕ್ಕಳಿಗೆ ಹೇಳಿಬಿಡಿ. ಉಳಿದಿರುವ ಗೋಡೆಗಳಿಗೆ ಆಸರೆ ಕೊಟ್ಟು ನಿಲ್ಲಿಸಬೇಕು, ಸುಣ್ಣ ಬಳಿದು ಹೊಸದು ಮಾಡಬಾರದು ಎಂಬುದು ನನ್ನ ಅಭಿಪ್ರಾಯ. ರಾಮೇಶ್ವರದಿಂದ ಧನುಷ್ಕೋಡಿಗೆ ರೈಲು ಬಿಡಲು 2019ರಲ್ಲಿ ಅಡಿಗಲ್ಲು ಹಾಕಿದ್ದರು. ಆ ಸೂಕ್ಷ್ಮ ಮರಳಿನ ಮೇಲೆ ರೈಲಿಗಿಂತ ಮೊದಲು ಅಲ್ಲಿಯ ಮನೆಗಳಿಗೆ ನೀರು, ಕರೆಂಟು ಸರಿಯಾಗಿ ಸಿಗಲಿ.

ಹೋಗುವ ದಾರಿ: ಪಾಲಕ್ಕಾಡ್, ಪಳನಿ, ಮದುರೆ ಮೇಲೆ ರಾಮೇಶ್ವರ. ಮದುರೆಯಿಂದ ಹಗಲು ಗಾಡಿಯಲ್ಲೇ ಹೋಗಿ, 2025ರ ಏಪ್ರಿಲ್‌ನಲ್ಲಿ ಶುರುವಾದ ಹೊಸ ಪಾಂಬನ್ ಸೇತುವೆಯನ್ನು ಮಕ್ಕಳು ಕಿಟಕಿಯಿಂದ ನೋಡಲಿ. ಧನುಷ್ಕೋಡಿಯ ಆಚೆ ಅರಿಚಲ್‌ಮುನೈ ತುದಿಯ ವರೆಗೆ 2017ರಿಂದ ಟಾರು ರಸ್ತೆ ಇದೆ, ರಾಮೇಶ್ವರದಿಂದ ಬಸ್ಸಿದೆ. ನವೆಂಬರ್, ಡಿಸೆಂಬರ್ ಬೇಡ, ಅದು ಚಂಡಮಾರುತದ ಕಾಲ. ಜನವರಿ, ಫೆಬ್ರವರಿ ಒಳ್ಳೆಯದು. ಬೆಳಿಗ್ಗೆ ಬೇಗ ಹೋಗಿ, ನೆರಳೇ ಇಲ್ಲ. ಕತ್ತಲಾಗುವ ಮೊದಲು ಹೊರಡಲೇಬೇಕು. ಸೆಳೆತ ಜಾಸ್ತಿ, ಮಕ್ಕಳನ್ನು ಯಾವ ಕಾರಣಕ್ಕೂ ನೀರಿಗಿಳಿಸಬೇಡಿ. ಹೊತ್ತಿನ ಊಟಕ್ಕೆ ಅಲ್ಲಿಯ ಗುಡಿಸಲು ಅಂಗಡಿಯಲ್ಲಿ ಹುರಿದ ಮೀನು ತಿನ್ನಿ, ನಾಲ್ಕು ಕಾಸು ಅವರಿಗೂ ಆಗಲಿ. ಮಲಯಾಳ ಬಲ್ಲ ನಮ್ಮ ಮಕ್ಕಳಿಗೆ ತಮಿಳು ಅರ್ಧ ಅರ್ಥವಾಗುತ್ತದೆ, ಮಾತಾಡಲು ಬಿಡಿ.

ಬಂದ ಮೇಲೆ ಯಾರಾದರೂ ಬರೆದರೆ ನಮಗೆ ಕಳಿಸಿ. ಮಕ್ಕಳ ಬರಹಕ್ಕೆ ಎರಡು ಪುಟ ಇಟ್ಟಿರುತ್ತೇನೆ.

— ಸಂಪಾದಕ