ಓದುಗರ ಪ್ರಶ್ನೆಗೆ ಉತ್ತರ: ಅಮೆರಿಕದ ಕಾಲೇಜು ಫುಟ್‌ಬಾಲ್ ಕೋಚ್ ಆಗುವ ಹಾದಿ

ಪ್ರಶ್ನೆ: ಅಮೆರಿಕದಲ್ಲಿ ಕಾಲೇಜು ತಂಡಕ್ಕೆ ಫುಟ್‌ಬಾಲ್ ಆಡಿದವರು ನೇರವಾಗಿ ಅಲ್ಲಿ ಕೋಚ್ ಆಗಬಹುದೇ?

ಉತ್ತರ: ಇಲ್ಲಿ ಹೇಳುತ್ತಿರುವುದು ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಅಮೆರಿಕನ್ ಫುಟ್‌ಬಾಲ್ ಬಗ್ಗೆ, ಸಾಕರ್ ಬಗ್ಗೆ ಅಲ್ಲ. ಆಡಿದ ಅನುಭವದಿಂದ ಪರಿಚಯ ಸಿಗುತ್ತದೆ, ಹುದ್ದೆ ಸಿಗುವುದಿಲ್ಲ. ಹೆಚ್ಚಿನವರ ಮೊದಲ ಮೆಟ್ಟಿಲು ಗ್ರಾಜುಯೇಟ್ ಅಸಿಸ್ಟೆಂಟ್ ಕೆಲಸ. ಇದಕ್ಕೆ ಸ್ನಾತಕೋತ್ತರ ತರಗತಿಗೆ ಸೇರಿರಬೇಕು. ಶುಲ್ಕವನ್ನು ಸಾಮಾನ್ಯವಾಗಿ ವಿಶ್ವವಿದ್ಯಾಲಯ ನೋಡಿಕೊಳ್ಳುತ್ತದೆ, ಕೈಗೆ ಬರುವುದು ಸಣ್ಣ ಭತ್ಯೆ. ಏಳು ರಾಷ್ಟ್ರೀಯ ಚಾಂಪಿಯನ್‌ಶಿಪ್ ಗೆದ್ದ ನಿಕ್ ಸೇಬನ್ 1973ರಲ್ಲಿ ಕೆಂಟ್ ಸ್ಟೇಟ್‌ನಲ್ಲಿ ಶುರು ಮಾಡಿದ್ದು ಇದೇ ಕೆಲಸದಿಂದ. ಅವರಿಗೆ ಹೆಡ್ ಕೋಚ್ ಹುದ್ದೆ ಒಲಿದದ್ದು 1990ರಲ್ಲಿ, ಟೊಲೆಡೊದಲ್ಲಿ.

ಪ್ರಶ್ನೆ: ಈ ಅಸಿಸ್ಟೆಂಟ್ ದಿನವಿಡೀ ಮಾಡುವುದಾದರೂ ಏನು?

ಉತ್ತರ: ಮುಖ್ಯವಾಗಿ ವಿಡಿಯೊ ಕೆಲಸ. ವೃತ್ತಿಯ ಬುನಾದಿ ಬೀಳುವುದು ಇಲ್ಲೇ ಎಂಬುದು ನಮ್ಮ ಖಚಿತ ಅಭಿಪ್ರಾಯ. ಎದುರಾಳಿಯ ಹಿಂದಿನ ಕೆಲವು ಪಂದ್ಯಗಳನ್ನು ಒಂದೊಂದೇ ಪ್ಲೇ (ಚೆಂಡು ಆಟಕ್ಕೆ ಬಂದಾಗಿನಿಂದ ನಿಲ್ಲುವವರೆಗಿನ ಆಟ) ಆಗಿ ಬಿಡಿಸಿ, ಪ್ರತಿ ತುಣುಕಿನ ಎದುರು ವಿವರ ತುಂಬಬೇಕು: ಎಷ್ಟನೇ ಡೌನ್ (10 ಗಜ ಮುಂದೆ ಸಾಗಲು ಸಿಗುವ ನಾಲ್ಕು ಯತ್ನಗಳಲ್ಲಿ ಒಂದು), ಇನ್ನೆಷ್ಟು ಗಜ ಬೇಕು, ಚೆಂಡು ಯಾವ ಗೆರೆಯ ಮೇಲಿದೆ, ಎಡ ಹ್ಯಾಷ್‌ನಲ್ಲೋ (ಮೈದಾನದ ಉದ್ದಕ್ಕೂ ಇರುವ ಗುರುತುಗಳ ಸಾಲು) ಬಲದಲ್ಲೋ, ಆಟಗಾರರು ನಿಂತ ಫಾರ್ಮೇಶನ್, ಓಟವೋ ಪಾಸೋ, ಕೊನೆಗೆ ಎಷ್ಟು ಗಜ ದಕ್ಕಿತು.

ಎಡವುವುದು ಹೆಚ್ಚಾಗಿ ಪರ್ಸನೆಲ್, ಅಂದರೆ ಮೈದಾನದಲ್ಲಿ ಯಾವ ಬಗೆಯ ಆಟಗಾರರಿದ್ದಾರೆ ಎಂಬ ಅಂಕಣದಲ್ಲಿ. ಅಲ್ಲಿ ಎರಡಂಕಿಯ ಸಂಖ್ಯೆ ಬರೆಯುತ್ತಾರೆ: ಮೊದಲ ಅಂಕಿ ರನ್ನಿಂಗ್ ಬ್ಯಾಕ್‌ಗಳು (ಚೆಂಡು ಹಿಡಿದು ಓಡುವವರು) ಎಷ್ಟು ಜನ, ಎರಡನೆಯದು ಟೈಟ್ ಎಂಡ್‌ಗಳು (ಎದುರಾಳಿಯನ್ನು ತಡೆಯುವ, ಪಾಸೂ ಹಿಡಿಯುವವರು) ಎಷ್ಟು ಜನ ಎಂದು. 11 ಎಂದರೆ ತಲಾ ಒಬ್ಬ, ಜೊತೆಗೆ ಪಾಸ್ ಹಿಡಿಯುವ ಮೂವರು ರಿಸೀವರ್‌ಗಳು. 12 ಎಂದರೆ ಟೈಟ್ ಎಂಡ್ ಇಬ್ಬರು, ರಿಸೀವರ್ ಇಬ್ಬರು. ಎರಡನೇ ಟೈಟ್ ಎಂಡ್ ಅಂಚಿನಲ್ಲಿ ರಿಸೀವರ್‌ನಂತೆ ನಿಂತಾಗ ಕಣ್ಣು ಮೋಸ ಹೋಗಿ 12 ಇದ್ದದ್ದು 11 ಆಗಿಬಿಡುತ್ತದೆ. ಅದನ್ನು ನಂಬಿದ ರಕ್ಷಣಾ ಪಡೆ ಓಟ ತಡೆಯುವ ಲೈನ್‌ಬ್ಯಾಕರ್ ಒಬ್ಬನನ್ನು ಹೊರಗಿಟ್ಟು, ಪಾಸ್ ತಡೆಯುವ ಐದನೇ ಡಿಫೆನ್ಸಿವ್ ಬ್ಯಾಕ್ ಇಳಿಸುತ್ತದೆ. ಎದುರಾಳಿ ಅದೇ ಕಡೆ ಓಡಿ ಗಜಗಟ್ಟಲೆ ಕಬಳಿಸುತ್ತಾನೆ. ಆದ್ದರಿಂದ ನಿಂತ ಜಾಗ ನೋಡಿ ಬರೆಯಬೇಡಿ, ಜರ್ಸಿ ಸಂಖ್ಯೆಯನ್ನು ತಂಡದ ಪಟ್ಟಿಯೊಂದಿಗೆ ತಾಳೆ ನೋಡಿ. ಮೂರನೇ ಡೌನ್‌ಗಳನ್ನೆಲ್ಲ ಒಂದೇ ಗುಂಪಿಗೆ ಹಾಕಬಾರದು. 2 ಗಜ ಬೇಕಿದ್ದಾಗಿನ ಆಟವೇ ಬೇರೆ, 8 ಗಜ ಬೇಕಿದ್ದಾಗಿನದೇ ಬೇರೆ. ಪಂದ್ಯ ಕೈಗೆ ಬಂದ ಮೇಲೆ ಗಡಿಯಾರ ಕಳೆಯಲೆಂದು ಓಡಿಸಿದ ಪ್ಲೇಗಳನ್ನು ಪ್ರತ್ಯೇಕ ಇಡಿ. ಇಲ್ಲದಿದ್ದರೆ ಪಾಸ್ ಪ್ರಿಯ ತಂಡವೂ ಓಟದ ತಂಡದಂತೆ ಕಾಣುತ್ತದೆ.

ಇಷ್ಟೆಲ್ಲವನ್ನೂ ಕೊನೆಗೆ ಒಂದೆರಡು ಹಾಳೆಗೆ ಇಳಿಸಬೇಕು. ಎನ್‌ಸಿಎಎ (ಅಮೆರಿಕದ ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆ) ನಿಯಮದಂತೆ ಋತುವಿನಲ್ಲಿ ಆಟಗಾರನ ಕಡ್ಡಾಯ ಸಮಯ ವಾರಕ್ಕೆ 20 ಗಂಟೆ, ದಿನಕ್ಕೆ 4 ಗಂಟೆ ಮೀರುವಂತಿಲ್ಲ. ಕೋಚ್‌ಗೆ ಗೊತ್ತಿರುವುದೆಲ್ಲ ಹುಡುಗರ ತಲೆಗೆ ಹೋಗುವಷ್ಟು ಹೊತ್ತು ಅಲ್ಲಿಲ್ಲ.

ಪ್ರಶ್ನೆ: ಅಲ್ಲಿಂದ ಹೆಡ್ ಕೋಚ್ ಹುದ್ದೆಗೆ ಏರುವುದು ಹೇಗೆ?

ಉತ್ತರ: ರೂಢಿಯ ದಾರಿ ಎಂದರೆ ಒಂದು ಸ್ಥಾನದ ಆಟಗಾರರಿಗೆ ಕೋಚ್, ಆಮೇಲೆ ಆಕ್ರಮಣ ಅಥವಾ ರಕ್ಷಣೆಯ ಕೋಆರ್ಡಿನೇಟರ್, ಆಮೇಲೆ ಹೆಡ್ ಕೋಚ್. ಹೆಡ್ ಕೋಚ್ ಊರು ಬದಲಿಸಿದಾಗ ನಂಬಿಕಸ್ಥರನ್ನು ಜೊತೆಗೆ ಕರೆದೊಯ್ಯುತ್ತಾರೆ, ಹಾಗಾಗಿ ಯಾರ ಕೈಕೆಳಗೆ ಕೆಲಸ ಕಲಿತಿರಿ ಎಂಬುದಕ್ಕೆ ತೂಕ ಹೆಚ್ಚು.

ಇನ್ನೊಂದು ದಾರಿ ಸಣ್ಣ ಕಾಲೇಜಿನದು. ಕರ್ಟ್ ಸಿಗ್ನೆಟಿ ಅಲಬಾಮದ ಸಹಾಯಕ ಹುದ್ದೆ ಬಿಟ್ಟು 2011ರಲ್ಲಿ ಎನ್‌ಸಿಎಎಯ ಎರಡನೇ ದರ್ಜೆಯಾದ ಡಿವಿಷನ್ 2ರ ಇಂಡಿಯಾನಾ ಯೂನಿವರ್ಸಿಟಿ ಆಫ್ ಪೆನ್ಸಿಲ್ವೇನಿಯಾಕ್ಕೆ ಹೆಡ್ ಕೋಚ್ ಆಗಿ ಹೋದರು. ಎಲಾನ್, ಜೇಮ್ಸ್ ಮ್ಯಾಡಿಸನ್ ದಾಟಿ 2024ರಲ್ಲಿ ಬೇರೆಯದೇ ಆದ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಬಂದ ಮೊದಲ ಋತುವಿನಲ್ಲೇ 11 ಪಂದ್ಯ ಗೆದ್ದರು. ಲ್ಯಾನ್ಸ್ ಲೈಪೋಲ್ಡ್ ಕ್ರೀಡಾ ಸ್ಕಾಲರ್‌ಶಿಪ್ಪೇ ಇಲ್ಲದ ಡಿವಿಷನ್ 3ರ ವಿಸ್ಕಾನ್ಸಿನ್-ವೈಟ್‌ವಾಟರ್‌ನಲ್ಲಿ ಆರು ರಾಷ್ಟ್ರೀಯ ಪ್ರಶಸ್ತಿ ಗೆದ್ದು, ಬಫಲೋ ಮೂಲಕ ಕ್ಯಾನ್ಸಸ್ ತಲುಪಿದರು. ತಂಡ ನಡೆಸುವುದೇ ಗುರಿಯಾಗಿದ್ದರೆ ಸಣ್ಣ ಕಾಲೇಜೇ ಒಳ್ಳೆಯ ಶಾಲೆ: ಬಜೆಟ್, ಪ್ರಯಾಣ, ಪೋಷಕರ ಮಾತು, ನಾಲ್ಕನೇ ಡೌನ್‌ನ ತೀರ್ಮಾನ (ಕೊನೆಯ ಯತ್ನದಲ್ಲೂ ಮುನ್ನುಗ್ಗುವುದೋ ಚೆಂಡು ಒದೆಯುವುದೋ) ಎಲ್ಲವೂ ನಿಮ್ಮ ಮೇಲೆಯೇ ಬೀಳುತ್ತವೆ.

ಪ್ರಶ್ನೆ: ಆಟಗಾರರಿಗೆ ದುಡ್ಡು ಸಿಗತೊಡಗಿದ ಮೇಲೆ ಕೋಚ್ ಕೆಲಸ ಬದಲಾಗಿದೆಯೇ?

ಉತ್ತರ: ಬಹಳ ಬದಲಾಗಿದೆ. ಟ್ರಾನ್ಸ್‌ಫರ್ ಪೋರ್ಟಲ್ (ಕಾಲೇಜು ಬದಲಿಸಲು ಬಯಸುವ ಆಟಗಾರರ ಹೆಸರು ದಾಖಲಾಗುವ ಪಟ್ಟಿ) 2018ರಲ್ಲಿ ಬಂತು. 2021ರಲ್ಲಿ, ಕಾಲೇಜು ಬದಲಿಸಿದ ಆಟಗಾರ ಮೊದಲ ಸಲಕ್ಕೆ ಒಂದು ವರ್ಷ ಹೊರಗೆ ಕೂರಬೇಕಿಲ್ಲ ಎಂದಾಯಿತು. ಅದೇ ಜುಲೈನಿಂದ ಆಟಗಾರರು ಜಾಹೀರಾತಿನಂಥವಕ್ಕೆ ತಮ್ಮ ಹೆಸರು ಬಳಸಲು ಕೊಟ್ಟು ಗಳಿಸಬಹುದು. 2025ರ ಜುಲೈನಿಂದ ವಿಶ್ವವಿದ್ಯಾಲಯಗಳೇ ನೇರವಾಗಿ ಹಣ ಕೊಡಬಹುದು. ಮೊದಲ ವರ್ಷದ ಮಿತಿ ಒಂದು ವಿಶ್ವವಿದ್ಯಾಲಯಕ್ಕೆ ಎಲ್ಲ ಆಟಗಳಿಗೂ ಸೇರಿ ಸುಮಾರು 2.05 ಕೋಟಿ ಡಾಲರ್. ಹಾಗಾಗಿ ಹೈಸ್ಕೂಲ್ ಹುಡುಗರನ್ನು ಹುಡುಕುವಷ್ಟೇ ಶ್ರಮ ತನ್ನವರನ್ನು ಉಳಿಸಿಕೊಳ್ಳಲೂ ಬೇಕು. ಒಂದೇ ಸ್ಥಾನಕ್ಕೆ ಹೊರಗಿನ ಮೂವರನ್ನು ತಂದರೆ, ಎರಡು ವರ್ಷ ಬೆಳೆಸಿದ ಹುಡುಗ ಆಡಲು ಅವಕಾಶ ಸಿಗದೆಂದು ಹೊರಡುತ್ತಾನೆ. ಋತು ಮುಗಿದ ಕೂಡಲೇ ಪ್ರತಿಯೊಬ್ಬನನ್ನೂ ಕೂರಿಸಿಕೊಂಡು, ಮುಂದಿನ ವರ್ಷ ಅವನ ಜಾಗ ಯಾವುದೆಂದು ಮುಚ್ಚುಮರೆಯಿಲ್ಲದೆ ಹೇಳಿಬಿಡಬೇಕು.

ಪ್ರಶ್ನೆ: ಕೋಚ್‌ನನ್ನು ತೆಗೆದರೆ ಕೋಟಿಗಟ್ಟಲೆ ಪರಿಹಾರ ಸಿಗುತ್ತದಂತೆ, ನಿಜವೇ?

ಉತ್ತರ: ದೊಡ್ಡ ಹೆಡ್ ಕೋಚ್‌ಗಳ ಮಟ್ಟಿಗೆ ನಿಜ. 2023ರ ನವೆಂಬರ್‌ನಲ್ಲಿ ಟೆಕ್ಸಾಸ್ ಎ ಆ್ಯಂಡ್ ಎಂ ವಿಶ್ವವಿದ್ಯಾಲಯ ಜಿಂಬೊ ಫಿಶರ್ ಅವರನ್ನು ಬಿಟ್ಟಾಗ ಕೊಡಬೇಕಾದ ಮೊತ್ತ 7.5 ಕೋಟಿ ಡಾಲರ್ ದಾಟಿತ್ತು. ಅನೇಕ ಒಪ್ಪಂದಗಳಲ್ಲಿ, ಹೊಸ ಕೆಲಸ ಸಿಕ್ಕರೆ ಅದರ ಸಂಬಳವನ್ನು ಪರಿಹಾರದಿಂದ ಕಳೆಯುವ ಷರತ್ತು ಇರುತ್ತದೆ. ಫಿಶರ್ ಅವರ ಒಪ್ಪಂದದಲ್ಲಿ ಅದಿರಲಿಲ್ಲ. ಸಹಾಯಕರ ಕಥೆ ಬೇರೆ: ಅವರ ಒಪ್ಪಂದಗಳು ಚಿಕ್ಕವು, ಹೆಡ್ ಕೋಚ್ ಹೋದರೆ ಹೆಚ್ಚಿನ ಸಿಬ್ಬಂದಿಯೂ ಹೋಗುತ್ತಾರೆ. ಸಹಿ ಹಾಕುವ ಮೊದಲು ಒಪ್ಪಂದ ಯಾವ ತಿಂಗಳಿಗೆ ಮುಗಿಯುತ್ತದೆ, ಹೆಡ್ ಕೋಚ್ ಬದಲಾದರೆ ಸಂಬಳ ಎಲ್ಲಿಯವರೆಗೆ ಬರುತ್ತದೆ, ಕುಟುಂಬದ ಆರೋಗ್ಯ ವಿಮೆ ಎಂದು ನಿಲ್ಲುತ್ತದೆ ಎಂಬ ಮೂರನ್ನೂ ಲಿಖಿತವಾಗಿ ಕೇಳಿ ಪಡೆಯಿರಿ.