ದೇವರು ಜಗತ್ತಿನ ಒಳಗಿದ್ದಾನೋ, ಹೊರಗಿದ್ದಾನೋ?

ಕುಂಬಾರ ಮಡಕೆಯಿಂದ ಹೊರಗಿರುವಂತೆ ದೇವರೂ ಜಗತ್ತಿನ ಹೊರಗಿದ್ದಾನೆಯೇ ಎಂದು ಕೇಳಿದ್ದೀರಿ. ಹಾಗಾದರೆ ಮಣ್ಣು ಎಲ್ಲಿಂದ ಬಂತು? ವೇದಾಂತಿಗಳ ವಾದವೆಲ್ಲ ಬಹುಮಟ್ಟಿಗೆ ಈ ಮಣ್ಣಿನ, ಅಂದರೆ ಜಗತ್ತು ಯಾವುದರಿಂದ ಆಯಿತೋ ಅದರ ಬಗ್ಗೆಯೇ. ಮುಂಡಕೋಪನಿಷತ್ತು ಕೊಡುವ ಹೋಲಿಕೆ ಜೇಡನದು. ಅದು ನೂಲನ್ನು ಎಲ್ಲಿಂದಲೋ ತರುವುದಿಲ್ಲ, ತನ್ನ ಮೈಯಿಂದಲೇ ತೆಗೆಯುತ್ತದೆ, ಮತ್ತೆ ಒಳಗೆಳೆದುಕೊಳ್ಳುತ್ತದೆ. ಬೆಳಗಿನ ಜಾವ ಬೇಲಿಯ ಮೇಲೆ ಇಬ್ಬನಿ ಹೊತ್ತ ಬಲೆಯನ್ನೊಮ್ಮೆ ನೋಡಿ: ಬಲೆ ಜೇಡದಿಂದಲೇ ಬಂದದ್ದು, ಆದರೂ ಬಲೆಯೇ ಜೇಡವಲ್ಲ.

ಶಂಕರರಿಗೆ ಮಣ್ಣೂ ಕುಂಬಾರನೂ ಒಂದೇ ಪರತತ್ತ್ವವಾದ ಬ್ರಹ್ಮವೇ, ಮಡಕೆ ಬರೀ ತೋರಿಕೆ. ರಾಮಾನುಜರಿಗೆ ಜಗತ್ತು ದೇವರ ಶರೀರ. ಉಡುಪಿಯ ಮಧ್ವರು ಇದನ್ನೊಪ್ಪಲಿಲ್ಲ. ಜಡಪ್ರಕೃತಿ, ಅಂದರೆ ಆ ಮಣ್ಣು, ಅನಾದಿ, ದೇವರಿಗಿಂತ ಬೇರೆ. ಆದರೆ ಅದರ ಇರವೇ ಹರಿಯ ಅಧೀನ ಎಂದರು. ನನ್ನ ಮನಸ್ಸು ಒಲಿಯುವುದು ಇದಕ್ಕೇ. ಕೈಮುಗಿಯುವಾಗ ಎದುರಿಗೆ ಒಬ್ಬನಿದ್ದಾನೆ ಅನ್ನಿಸಬೇಕು ನನಗೆ.