ಇಂಗ್ಲೆಂಡಿನ ಐಸಿಯುಗೆ ಹೊರಟ ತಂಗಿಗೆ

ತಂಗಿ, ನಿನ್ನ ಮೆಸೇಜ್ ಓದಿದೆ. ಬೆಂಗಳೂರಿನ ಐಸಿಯುನಲ್ಲಿ ಕೆಲಸ, ನಾನಿರುವ ಇಂಗ್ಲೆಂಡಿನಿಂದ ಆಫರ್ ಬಂದಿದೆ. ಆದರೆ ಕೋವಿಡ್ ಹೊತ್ತಲ್ಲಿ ಇಲ್ಲಿನ ನರ್ಸ್‌ಗಳು ಪಟ್ಟ ಪಾಡು ಕೇಳಿ ಅಮ್ಮ ಬೇಡ ಅನ್ನುತ್ತಿದ್ದಾರೆ. ಮತ್ತೆ ಅಂಥದ್ದು ಬಂದರೆ ಏನು ಗತಿ, ಸಂಬಳ ಬಿಟ್ಟು ಕೆಲಸದಲ್ಲಿ ಖುಷಿ ಇದೆಯಾ ಅಂತ ಕೇಳಿದ್ದೀಯ. ಆಗ ನಾನೂ ಇಲ್ಲಿನ ಐಸಿಯುನಲ್ಲೇ ಇದ್ದೆ. ಅಮ್ಮನ ಭಯ ಸುಳ್ಳು ಅಂತ ಹೇಳಲಾರೆ.

ಇಲ್ಲಿ ವೆಂಟಿಲೇಟರ್ ಮೇಲಿರುವ ಒಬ್ಬ ಪೇಷಂಟ್‌ಗೆ ಒಬ್ಬರು ನರ್ಸ್. ಕೇಳಿದರೆ ಆರಾಮ ಅನ್ನಿಸುತ್ತದೆ, ಅಲ್ವಾ? ಆದರೆ ಮನೆಯವರು ಪಕ್ಕದಲ್ಲಿ ಕೂತು ನೋಡಿಕೊಳ್ಳುವ ಪದ್ಧತಿ ಇಲ್ಲ. ಮೈ ಒರೆಸುವುದು, ಬಾಯಿ ಶುಚಿ ಮಾಡುವುದು, ಮಗ್ಗುಲು ಬದಲಿಸುವುದು, ಹೊಲಸು ತೆಗೆಯುವುದು ಎಲ್ಲ ನಮ್ಮದೇ. 2020ರ ಮಾರ್ಚ್‌ನಲ್ಲಿ ಈ ಲೆಕ್ಕ ಸಡಿಲಿಸಿದರು. ಒಬ್ಬ ಐಸಿಯು ನರ್ಸ್ ಆರು ಪೇಷಂಟ್‌ವರೆಗೆ ನೋಡಬಹುದು, ಸಹಾಯಕ್ಕೆ ಬೇರೆ ವಾರ್ಡಿನವರು ಇರುತ್ತಾರೆ ಅಂತ. ಬಂದವರು ಒಳ್ಳೆಯವರೇ. ಆದರೆ ಔಷಧಿ ಹರಿಸುವ ಪಂಪ್‌ನ ಅಲಾರಂ ಹೊಡೆದರೆ ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಪಿಪಿಇ ಒಳಗೆ ಮುಖ ಎಲ್ಲಿ ಕಾಣಬೇಕು, ಏಪ್ರನ್ ಮೇಲೆ ಮಾರ್ಕರ್‌ನಲ್ಲಿ ಹೆಸರು ಬರೆದುಕೊಂಡಿರುತ್ತಿದ್ದೆವು.

ಬೆವರು, ಮೂಗಿನ ಮೇಲಿನ ಗಾಯ ಎಲ್ಲ ವಾಸಿಯಾದವು. ತಲೆಯಲ್ಲಿ ಕೂತಿದ್ದು ಮಾಡಲಾಗದೆ ಉಳಿದ ಕೆಲಸಗಳು. ಒಮ್ಮೆ ಪ್ಲಾಸ್ಟಿಕ್ ಕವರ್ ಹಾಕಿದ ಐಪ್ಯಾಡನ್ನು ಒಬ್ಬ ಅಜ್ಜನ ಕಿವಿ ಹತ್ತಿರ ಹಿಡಿದು ನಿಂತಿದ್ದೆ. ಮನೆಯವರಿಗೆ ಒಳಗೆ ಬಿಡುತ್ತಿರಲಿಲ್ಲ. ಆ ಕಡೆಯಿಂದ ಅವರ ಹೆಂಡತಿ ಗುಜರಾತಿಯಲ್ಲಿ ಭಜನೆ ಹೇಳುತ್ತಿದ್ದರು. ಅಷ್ಟರಲ್ಲಿ ಎದುರು ಹಾಸಿಗೆಯ ಮಾನಿಟರ್ ಕೂಗಿತು. ಸಾಕು ನಿಲ್ಲಿಸಿ ಅನ್ನಲು ಬಾಯಿ ಬರಲಿಲ್ಲ. ಡೆಂಟಲ್ ವಿಭಾಗದಿಂದ ಬಂದಿದ್ದ ಹುಡುಗಿಯ ಕೈಗೆ ಐಪ್ಯಾಡ್ ಕೊಟ್ಟು ಓಡಿದೆ. ಹೀಗೆ ಅರ್ಧಕ್ಕೆ ಬಿಟ್ಟು ಓಡುವುದೇ ಆಗ ನಮ್ಮ ಕೆಲಸವಾಗಿತ್ತು. ಎಷ್ಟೋ ಒಳ್ಳೆಯ ನರ್ಸ್‌ಗಳು ಐಸಿಯು ಬಿಟ್ಟಿದ್ದು ಇದಕ್ಕೇ ಅಂತ ನನ್ನ ಅನಿಸಿಕೆ.

ಗುರುವಾರ ರಾತ್ರಿ ಎಂಟಕ್ಕೆ ಬೀದಿ ಬೀದಿಯಲ್ಲಿ ನಮಗಾಗಿ ಚಪ್ಪಾಳೆ ತಟ್ಟುತ್ತಿದ್ದರು. ಅಲ್ಲಿ ನೀವು ತಟ್ಟೆ ಬಾರಿಸಿದಿರಲ್ಲ, ಹಾಗೆ. ಖುಷಿಯಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಮರುವರ್ಷ ಸಂಬಳ ಏರಿಕೆ ಅಂತ ಸರ್ಕಾರ ಮೊದಲು ಹೇಳಿದ್ದು ಶೇ 1. ಕೂಗಾಟ ಆದ ಮೇಲೆ ಶೇ 3. 2022ರ ಡಿಸೆಂಬರ್‌ನಲ್ಲಿ ರಾಯಲ್ ಕಾಲೇಜ್ ಆಫ್ ನರ್ಸಿಂಗ್ ಅನ್ನುವ ನರ್ಸ್‌ಗಳ ಯೂನಿಯನ್‌ನವರು ಮುಷ್ಕರ ಮಾಡಿದಾಗ ಸಂಬಳದ ಜೊತೆಗೆ ವಾರ್ಡ್‌ನಲ್ಲಿ ಜನ ಸಾಲದು ಅನ್ನುವುದೂ ಘೋಷಣೆಯಲ್ಲಿತ್ತು.

ಇನ್ನೊಂದು ವಿಷಯ, ಅಮ್ಮನ ಮುಂದೆ ಓದಬೇಡ. ಮೊದಲ ಅಲೆಯಲ್ಲಿ ತೀರಿಕೊಂಡ ಆಸ್ಪತ್ರೆ ಸಿಬ್ಬಂದಿಯಲ್ಲಿ ಕಪ್ಪು ಜನ, ಏಷ್ಯಾದಿಂದ ಬಂದವರೇ ಲೆಕ್ಕ ಮೀರಿ ಜಾಸ್ತಿ. ಕಾರಣ ಹಲವು. ನಾನು ಕಣ್ಣಾರೆ ಕಂಡದ್ದು, ಹೊಸಬರು ಆಗಲ್ಲ ಅನ್ನುತ್ತಿರಲಿಲ್ಲ. ವೀಸಾ ಆಸ್ಪತ್ರೆಯವರ ಕೈಲಿದೆ ಅನ್ನುವ ಅಳುಕು. ಊರಲ್ಲಿ ಡಾಕ್ಟರ್ ಬಂದರೆ ಎದ್ದು ನಿಂತು ಅಭ್ಯಾಸವಾದ ನಮಗೆ ಎದುರು ಮಾತಾಡುವುದು ಕಷ್ಟ. ಆದರೂ ಕಲಿತುಕೋ. ಮಾಸ್ಕ್ ಕೊಟ್ಟರೆ ಫಿಟ್ ಟೆಸ್ಟ್ ಮಾಡಿಸಿ ಅನ್ನು. ತಲೆಗೆ ಮುಸುಕು ಹಾಕಿ ಒಳಗೆ ಕಹಿ ಸ್ಪ್ರೇ ಹೊಡೆಯುತ್ತಾರೆ. ನಾಲಿಗೆಗೆ ಕಹಿ ತಗುಲಿದರೆ ಆ ಮಾಸ್ಕ್ ನಿನ್ನದಲ್ಲ, ಬೇರೆ ಕೇಳು. ಜನ ಕಡಿಮೆ ಇದ್ದರೆ ಶಿಫ್ಟ್ ಇನ್‌ಚಾರ್ಜ್‌ಗೆ ಹೇಳು, ಇನ್ಸಿಡೆಂಟ್ ರಿಪೋರ್ಟ್‌ನಲ್ಲೂ ಬರೆ. ಬರೆದವರನ್ನು ಇಲ್ಲಿ ಚಾಡಿಕೋರರು ಅನ್ನುವುದಿಲ್ಲ. ಬಂದ ಕೂಡಲೇ ಯೂನಿಯನ್ ಸೇರು.

ಖುಷಿ ಇದೆಯಾ ಅಂದೆಯಲ್ಲ. ನನ್ನ ಪಾಲಿಗೆ ಒಬ್ಬರೇ ಪೇಷಂಟ್ ಇದ್ದ ದಿನ, ಇದೆ. ಅವರ ಕೂದಲು ತೊಳೆದು, ಗಡ್ಡ ಹೆರೆದು, ಟ್ಯೂಬ್ ತೆಗೆದ ಮೇಲೆ ಮೊದಲ ಗುಟುಕು ನೀರು ಕುಡಿಸಿ ಮನೆಗೆ ಬಂದ ರಾತ್ರಿ ಚೆನ್ನಾಗಿ ನಿದ್ದೆ ಬರುತ್ತದೆ.

ಹಾಗಾಗಿ ಆಫರ್‌ಗೆ ಸಹಿ ಹಾಕುವ ಮುಂಚೆ ಕೇಳು: ರಾತ್ರಿ ಶಿಫ್ಟ್‌ನಲ್ಲಿ ಒಬ್ಬರಿಗೆ ಎಷ್ಟು ಪೇಷಂಟ್? ಬೇರೆ ವಾರ್ಡಿಗೆ ಎಷ್ಟು ಸಲ ಕಳಿಸುತ್ತಾರೆ? ಹೊಸಬರನ್ನು ಶಿಫ್ಟ್‌ನ ನರ್ಸ್‌ಗಳ ಲೆಕ್ಕಕ್ಕೆ ಹಿಡಿಯದೆ ಕಲಿಯಲು ಬಿಡುವುದು ಎಷ್ಟು ವಾರ? ಅವರು ಏನಂದರು ಅಂತ ನನಗೆ ಬರೆ. ಇಲ್ಲಿ ನರ್ಸ್ ಆಗಿ ನೋಂದಣಿಗೆ ಕೆಲಸ ಮಾಡಿ ತೋರಿಸಬೇಕಾದ ಓಸ್ಕಿ ಪರೀಕ್ಷೆ ವಿಷಯ ಆಮೇಲೆ ಮಾತಾಡೋಣ. ಅಮ್ಮನಿಗೆ ನನ್ನ ಜೊತೆ ಮಾತಾಡಬೇಕು ಅನ್ನಿಸಿದರೆ ಈ ಭಾನುವಾರ ನನಗೆ ರಜೆ, ನಿಮ್ಮ ಸಂಜೆ ಹೊತ್ತಿಗೆ ಫೋನ್ ಮಾಡಿ.